ಕೆಂಪು ಕೊಡೆ

ಮನೆಗಳಿಗೆ ಬಣ್ಣ ಹೊಡೆಯುವ ಆ ಮೇಸ್ತ್ರಿಯನ್ನು ಎಲ್ಲರೂ ಕಣ್ಣಳತೆ ಎಂದೇ ಕರೆಯುತ್ತಿದ್ದರು. ಟೇಪು ಹಿಡಿಯದೆ, ದಾರ ಕಟ್ಟದೆ, ಬರೀ ಕಣ್ಣಲ್ಲೇ ನೋಡಿ ಗೋಡೆಯ ಮೇಲೆ ನೇರ ಗೆರೆ ಎಳೆಯುತ್ತಿದ್ದ. ಯಾವ ಕಿಟಕಿಯ ಬೆಳಕು ಎಷ್ಟು ಹೊತ್ತಿಗೆ ಯಾವ ಮೂಲೆ ಮುಟ್ಟುತ್ತದೆ, ಯಾವ ಗೋಡೆ ಸಂಜೆಗೆ ಮಂಕಾಗುತ್ತದೆ ಎಂದು ಬಾಗಿಲು ದಾಟುವಷ್ಟರಲ್ಲಿ ಹೇಳಿಬಿಡುತ್ತಿದ್ದ. ಇಂಥವನಿಗೆ ಕೆಂಪಿಗೂ ಹಸಿರಿಗೂ ಇರುವ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ ಎಂದರೆ ಯಾರು ನಂಬುತ್ತಾರೆ? ಆದರೂ ನಿಜ. ಹುಟ್ಟಿದಾಗಿನಿಂದ ಅವನಿಗೆ ಎರಡೂ ಒಂದೇ ಮಣ್ಣುಬಣ್ಣ.

ಈ ಗುಟ್ಟನ್ನು ಅವನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ, ಹೆಂಡತಿಗೂ ಸಹ. ಅವಳು ಮದುವೆಗೆ ಮುಂಚೆ ಪೇಂಟಿನ ಅಂಗಡಿಯಲ್ಲಿ ಬಣ್ಣ ಕಲಸುವ ಕೆಲಸದಲ್ಲಿದ್ದವಳು. ಬಣ್ಣದ ವಿಷಯದಲ್ಲಿ ನಿಮ್ಮಂಥವರಿಲ್ಲ ಎಂದು ಮೆಚ್ಚಿ ಕೈಹಿಡಿದವಳ ಎದುರು ಬಾಯಿ ಬಿಡುವುದು ಹೇಗೆ? ಮೊದಲ ವರ್ಷ ಹೇಳದೆ ಉಳಿದ ಮಾತನ್ನು ಎರಡನೆಯ ವರ್ಷ ಹೇಳುವುದು ಕಷ್ಟ. ಇಪ್ಪತ್ತಾರನೆಯ ವರ್ಷದಲ್ಲಂತೂ ಕೇಳಲೇಬೇಡಿ.

ಬಚಾವಾಗಲು ಅವನಿಗೊಂದು ದಾರಿ ಸಿಕ್ಕಿತ್ತು. ಬಣ್ಣವನ್ನೆಲ್ಲ ಅವಳೇ ಮನೆಯ ಹಿತ್ತಲಲ್ಲಿ ಕಲಸಿ, ಡಬ್ಬಿಯ ಹಿಡಿಗೆ ದಾರದ ಗಂಟು ಹಾಕಿ ಕೊಡುತ್ತಿದ್ದಳು. ಕೆಂಪಿನ ಕಡೆಯದಕ್ಕೆ ಒಂದು ಗಂಟು, ಹಸಿರಿನ ಕಡೆಯದಕ್ಕೆ ಎರಡು. "ನನಗೆ ಮರೆವು ಜಾಸ್ತಿ ಕಣ್ರೀ, ಅದಕ್ಕೆ" ಎನ್ನುತ್ತಿದ್ದಳು. ಹತ್ತು ವರ್ಷದ ಹಿಂದೆ ನಾದಿನಿ ಆಡಿದ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸುವ ಹೆಂಗಸಿಗೆ ಮರೆವು ಎಲ್ಲಿಂದ ಬಂತು ಎಂದು ಅವನು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಕದ್ದು ಗಂಟು ಎಣಿಸಿಕೊಂಡು, ಇವಳ ಕಣ್ಣಿಗೆ ಮಣ್ಣೆರಚಿ ಬದುಕುತ್ತಿದ್ದೇನಲ್ಲ ಎಂದು ಒಳಗೊಳಗೇ ನೊಂದುಕೊಳ್ಳುತ್ತಿದ್ದ.

ಆ ಸಲ ಸಿಕ್ಕಿದ್ದು ನಿವೃತ್ತ ಟೀಚರೊಬ್ಬರ ಮನೆ. ಅಡುಗೆಮನೆಗೂ ಹಾಲಿಗೂ ನಡುವೆ ಇದ್ದ ಗೋಡೆ ಒಡೆಸಿ ಎಲ್ಲವನ್ನೂ ಒಂದೇ ಮಾಡಿದ್ದರು. ಬಾಗಿಲಲ್ಲಿ ನಿಂತರೆ ಸೋಫಾ, ಊಟದ ಮೇಜು, ಒಲೆ, ಹಿಂದಿನ ಕಿಟಕಿ ಎಲ್ಲವೂ ಕಾಣುತ್ತಿದ್ದವು.

"ಒಲೆ ಕಡೆ ಹಳದಿ, ಮೇಜಿನ ಕಡೆ ನೀಲಿ, ಈ ಕಡೆ ಗುಲಾಬಿ. ಹೇಗಿರುತ್ತೆ ಮೇಸ್ತ್ರಿ?" ಎಂದರು ಟೀಚರು.

"ಮೂರು ಮನೆ ಮಾಡೋದಿದ್ರೆ ಗೋಡೆ ಯಾಕೆ ಒಡೆಸಿದ್ರಿ ಟೀಚರಮ್ಮ?"

ಟೀಚರು ನಕ್ಕರು. ಅವನು ಆ ಉದ್ದದ ಕೋಣೆಯಲ್ಲಿ ಎರಡು ಸಲ ಓಡಾಡಿ, ಎಲ್ಲ ಕಡೆಗೂ ಕೆನೆಬಣ್ಣ ಒಂದೇ ಸಾಕು ಎಂದ. ಬಿಸಿಲು ನೇರ ಬೀಳುವ ಒಲೆಯ ಕಡೆ ಅದನ್ನೇ ಒಂದಿಷ್ಟು ಗಾಢ ಮಾಡಿದರೆ ಆಯಿತು. ಮೇಜಿನ ಹಿಂದಿನ ಗೋಡೆಯೊಂದಕ್ಕೆ ಮಾತ್ರ ಬೇರೆ ಬಣ್ಣ. "ಒಳಗೆ ಬಂದವರ ಕಣ್ಣು ಎಲ್ಲಾದ್ರೂ ಒಂದು ಕಡೆ ಕೂತ್ಕೋಬೇಕು. ಇಲ್ಲಾಂದ್ರೆ ಬಸ್ ಸ್ಟ್ಯಾಂಡ್ ಥರ ಆಗುತ್ತೆ."

ಟೀಚರು ಆ ಗೋಡೆಗೆ ಹಸಿರು ಬೇಕೆಂದರು, ಒಲೆಯ ಕಡೆಯ ತೆರೆದ ಕಪಾಟುಗಳಿಗೆ ಇಟ್ಟಿಗೆಗೆಂಪು. ಎಂಥ ಹಸಿರು ಎಂದು ಅವರಿಗೇ ಸರಿಯಾಗಿ ಗೊತ್ತಿರಲಿಲ್ಲ, ಕಣ್ಣಿಗೆ ತಂಪಾಗಿರಲಿ ಎಂದರು. ಅವನು, "ಎರಡೂ ಒಂದೇ ಗಾಢದಲ್ಲಿರಲಿ, ಒಂದು ಇನ್ನೊಂದರ ಮೇಲೆ ಜಗಳಕ್ಕೆ ಹೋಗಬಾರದು" ಎಂದ. ಒಳ್ಳೆಯ ಸಲಹೆಯೇ. ಆದರೆ ಅವನ ಕಣ್ಣು ಬಣ್ಣಗಳನ್ನು ಬೇರೆ ಮಾಡುತ್ತಿದ್ದುದು ಗಾಢ, ತಿಳಿ ನೋಡಿಯೇ. ಅದನ್ನೂ ಒಂದೇ ಮಾಡಿ ತನ್ನ ಗುಂಡಿಯನ್ನು ತಾನೇ ತೋಡಿಕೊಂಡ.

ಅದೇ ವಾರ ಹೆಂಡತಿ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡಳು. ಬಣ್ಣವನ್ನೇನೋ ಎಡಗೈಯಲ್ಲೇ ಕಲಸಿದಳು. ಒಂದೇ ಕೈಯಲ್ಲಿ ಗಂಟು ಹಾಕುವುದು ಹೇಗೆ? ಬೆಳಿಗ್ಗೆ ಅವನು ಸ್ಕೂಟರ್ ಹೊರಡಿಸುವಾಗ ಬಾಗಿಲಲ್ಲಿ ನಿಂತು, ಮುಂದಿನ ಮೆಟ್ಟಿಲ ಮೇಲಿದ್ದ ಎರಡು ಡಬ್ಬಿಗಳನ್ನು ತೋರಿಸಿ, "ಬಲಗಡೆದು ಗೋಡೆಗೆ, ಎಡಗಡೆದು ಕಪಾಟಿಗೆ. ಆಮೇಲೆ ನನಗೆ ಮರ್ತೋಗುತ್ತೆ, ಈಗ್ಲೇ ಹೇಳಿರ್ತೀನಿ" ಎಂದಳು.

ಅವಳು ಅವನಿಗೆ ಎದುರಾಗಿ ನಿಂತಿದ್ದಳು. ಯಾರ ಬಲ? ಕೇಳಲು ಬಾಯಿ ತೆರೆದವನು ಹಾಗೇ ಮುಚ್ಚಿದ. ಹಸಿರು ಕಾಣುವ ಗಂಡಸು ಇಂಥ ಪ್ರಶ್ನೆ ಕೇಳುತ್ತಾನೆಯೇ? ತನ್ನ ಬಲಗಡೆಯದನ್ನು ಗೋಡೆಯದೆಂದು ಮನಸ್ಸಿನಲ್ಲಿಟ್ಟುಕೊಂಡು ಹೊರಟ.

ಮಧ್ಯಾಹ್ನದ ಹೊತ್ತಿಗೆ ಗೋಡೆ ಮುಗಿದಿತ್ತು. ರೋಲರ್ ಕೆಳಗಿಟ್ಟು ದೂರ ನಿಂತು ನೋಡಿದ. ಬಣ್ಣದಲ್ಲಿ ಎಲ್ಲೂ ಗೆರೆ ಬಿದ್ದಿರಲಿಲ್ಲ, ಕಿಟಕಿಯ ಬೆಳಕು ಅದರ ಮೇಲೆ ಹದವಾಗಿ ಕೂತಿತ್ತು. ಅವನಿಗೆ ಖುಷಿಯಾಯಿತು. ಅಷ್ಟರಲ್ಲಿ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. ಬಿಸಿಲಿಗೆಂದು ತನ್ನ ಕೆಂಪು ಕೊಡೆ ತಂದಿದ್ದಳು. ಮದುವೆಯಾದ ಹೊಸತರಲ್ಲಿ, "ನಿನಗೆ ಕೆಂಪು ಒಪ್ಪುತ್ತೆ ಅಂತ ಆರಿಸಿ ತಂದೆ" ಎಂದು ಅವನೇ ಕೊಡಿಸಿದ ಕೊಡೆ. ಮೂರು ಸಲ ಕಡ್ಡಿ ಹಾಕಿಸಿದ್ದಳು, ಬೇರೆ ತೆಗೆದುಕೊಂಡಿರಲಿಲ್ಲ. ನನ್ನ ಕೆಂಪು ಕೊಡೆ ಎಲ್ಲಿ, ನನ್ನ ಕೆಂಪು ಕೊಡೆ ಯಾರು ತೆಗೆದಿರಿ ಎಂದು ಮನೆಯವರ ತಲೆ ತಿನ್ನುತ್ತಿದ್ದಳು.

ಕೊಡೆಯನ್ನು ಬಾಗಿಲಿಗೆ ಒರಗಿಸಿ ಅವಳು ಗೋಡೆ ನೋಡಿದಳು. ಅವಳ ಹಿಂದೆಯೇ, ತಂಗಿಯ ಮನೆಗೆ ಹೋಗಿದ್ದ ಟೀಚರು ಬಂದರು.

"ಇದೇನು ಮೇಸ್ತ್ರಿ, ಹಸಿರು ಅಂದಿದ್ನಲ್ಲ? ಗೋಡೆ ಕೆಂಪಗಿದೆ."

ಹೆಂಡತಿ ಒಂದು ಕ್ಷಣವೂ ತಡಮಾಡಲಿಲ್ಲ. "ಅದು ಮೊದ್ಲು ಹೊಡೆಯೋ ಅಡಿಯ ಕೋಟು ಟೀಚರಮ್ಮ. ಕೆಂಪಿನ ಮೇಲೆ ಹಸಿರು ಹೊಡೆದ್ರೆ ತುಂಬಿಕೊಂಡು ಕಾಣುತ್ತೆ."

"ಹೌದಾ? ಹಂಗಾದ್ರೆ ಒಳ್ಳೇದೇ ಆಯ್ತು. ಎಂಥ ಹಸಿರು ಅಂತ ನನಗೀಗ ಗೊತ್ತಾಯ್ತು." ಟೀಚರು ಬಾಗಿಲ ಕಡೆ ಕೈ ತೋರಿಸಿದರು. "ಆ ಕೊಡೆ ಇದೆಯಲ್ಲ, ಬಿಸಿಲಿಗೆ ಮಾಸಿ ಎಷ್ಟು ಚೆನ್ನಾಗಾಗಿದೆ ನೋಡಿ. ಅದೇ ಹಸಿರು."

"ಅದು ಕೆಂಪಲ್ವಾ?" ಎಂದ ಅವನು.

ಮಾತು ಬಾಯಿಂದ ಜಾರಿಹೋಗಿತ್ತು. ಟೀಚರು ಅವನನ್ನು ನೋಡಿದರು, ಅವಳನ್ನು ನೋಡಿದರು. ಅವಳು ಪ್ಲಾಸ್ಟರಿನ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ನೆಲ ನೋಡುತ್ತಿದ್ದಳು. ಬಣ್ಣ ಬಯಲಾಗುವುದು ಎಂದರೆ ಇದೇ ಎಂದು ಅವನಿಗೆ ಅನ್ನಿಸಿತು. ಅವಳು ಇನ್ನೊಂದು ಸುಳ್ಳು ಹೊಂದಿಸುವಷ್ಟರಲ್ಲಿ ಅವನೇ ಹೇಳಿದ.

"ಟೀಚರಮ್ಮ, ಅದು ಅಡಿಯ ಕೋಟಲ್ಲ. ಡಬ್ಬಿ ತಪ್ಪಾಗಿದೆ. ನನಗೆ ಕೆಂಪು ಯಾವುದು, ಹಸಿರು ಯಾವುದು ಗೊತ್ತಾಗಲ್ಲ. ಯಾವತ್ತೂ ಗೊತ್ತಾಗಿಲ್ಲ. ಬೇರೆಯವರನ್ನ ಕರೆಸ್ತೀರಾದ್ರೆ ಕರೆಸಿ."

ಟೀಚರು ಆ ಉದ್ದದ ಕೋಣೆಯನ್ನು ಆ ತುದಿಯಿಂದ ಈ ತುದಿಯವರೆಗೆ ಒಮ್ಮೆ ನೋಡಿದರು. "ಹಸಿರು ಹೊಡೆದು ಯಾವಾಗ ಮುಗಿಸ್ತೀರಿ?"

"ನಾಳೆ ಸಂಜೆಗೆ."

"ಸರಿ. ಟೀ ಇಡ್ತೀನಿ" ಎಂದು ಒಲೆಯ ಕಡೆ ಹೋದರು. ನಡುವೆ ಗೋಡೆಯೇ ಇಲ್ಲದ ಮನೆ, ಆದರೂ ಬೆನ್ನು ಹಾಕಿ ನಿಂತು ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡರು.

ಅವನು ಗೋಣಿತಾಟಿನ ಮೇಲೆ ಕುಸಿದು ಕೂತ. ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚು ದುಃಖವಾಗಿತ್ತು. "ನಿನಗೆ ಯಾವಾಗಿಂದ ಗೊತ್ತು?"

"ಕೊಡೆ ಕೊಟ್ಟ ದಿನದಿಂದ."

"ಆ ಗಂಟುಗಳು?"

"ನನಗೆಂಥ ಮರೆವು ರೀ?"

"ಮತ್ತೆ ಇಷ್ಟು ವರ್ಷ ಕೆಂಪು ಕೊಡೆ, ಕೆಂಪು ಕೊಡೆ ಅಂತಿದ್ಯಲ್ಲೇ."

"ನೀವು ಕೆಂಪು ಅಂತ ಕೊಟ್ರಿ" ಎಂದಳು. "ನಾನು ಕೆಂಪು ಅಂತ ಇಸ್ಕೊಂಡೆ."

ಟೀ ಬಂತು, ಕುಡಿದರು. ಅವನು ಎದ್ದು ಇನ್ನೊಂದು ಡಬ್ಬಿಯ ಮುಚ್ಚಳ ತೆಗೆದು, "ಇದು ಹಸಿರು ತಾನೆ?" ಎಂದು ಕೇಳಿದ. ಇಪ್ಪತ್ತಾರು ವರ್ಷದಲ್ಲಿ ಅಂಥ ಮಾತು ಕೇಳಿದ್ದು ಅದೇ ಮೊದಲು. ಅವಳು ಕೊಡೆ ಬಿಚ್ಚಿ ಡಬ್ಬಿಯ ಪಕ್ಕ ಹಿಡಿದು ನೋಡಿ, ಸ್ವಲ್ಪ ಬಿಳಿ ಸೇರಿಸಲು ಹೇಳಿದಳು. ಕೆಂಪು ಪೂರ್ತಿ ಒಣಗುವವರೆಗೆ ಕಾದು ಒಂದು ಮೂಲೆಗೆ ಹೊಡೆದು ತೋರಿಸಿದ. ಅವಳು ಹೂಂ ಅಂದಳು.

ಸಂಜೆ ಬ್ರಷ್ ತೊಳೆದಿಟ್ಟು ಹೊರಟರು. ಅವಳು ಖಾಲಿ ಊಟದ ಡಬ್ಬಿ ಹಿಡಿದು ಮುಂದೆ ನಡೆದಿದ್ದಳು. ಅವನು ಬಾಗಿಲಲ್ಲಿ ನಿಂತು ಹಿಂದಿನಿಂದ ಕೂಗಿದ.

"ಏ, ನಿನ್ನ ಕೆಂಪು ಕೊಡೆ ಮರ್ತೆ ನೋಡು."