ತಗಡಿನ ಲೀಟರು, ಬಾಮೈದನ ಪುಲ್ಲಿ

ಮೂರು ಮೊಳ, ನಾಲ್ಕು ಬೆರಳು.

ನಾನೇ ಅಳೆದೆ. ಪವರ್ ಟಿಲ್ಲರಿನ ಮೂತಿಯಿಂದ, ಬದುವಿನ ಮೇಲೆ ಕಾಲು ಚಾಚಿ ಕೂತಿದ್ದ ಊರಿನ ಅಜ್ಜಿಯೊಬ್ಬಳ ಹಿಮ್ಮಡಿಯವರೆಗೆ. ಕೈ ನಡುಗುತ್ತಿತ್ತು. ಆದ್ದರಿಂದ ಎರಡು ಸಲ ಅಳೆದೆ. ಎರಡು ಸಲವೂ ಅಷ್ಟೇ ಬಂತು.

ಅಜ್ಜಿ ಶೇಂಗಾ ಸುಲಿಯುತ್ತಿದ್ದಳು. ಸುಲಿಯುವುದನ್ನು ನಿಲ್ಲಿಸಿರಲೂ ಇಲ್ಲ. ಟಿಲ್ಲರಿನ ಮೇಲಿದ್ದವನನ್ನು ನೋಡಿ, "ಏನಪ್ಪಾ, ಗದ್ದೆ ಎಲ್ಲಾ ಮುಗೀತು ಅಂತ ನನ್ ಮ್ಯಾಲೆ ಸಾಲು ಹೊಡೆಯಾಕೆ ಬಂದ್ಯಾ?" ಅಂದಳು.

ಮೇಲಿದ್ದವನು ನನ್ನ ಹೆಂಡತಿಯ ತಮ್ಮ, ಬಸವಾಪಟ್ಟಣದ ರುದ್ರೇಶ. ಅವನೂ ನಾನೂ ಒಂದೇ ಸಮ ಹೆದರಿದ್ದೆವು. ಆದರೆ ಹೀಗಾದದ್ದು ಯಾಕೆ ಎಂಬುದು ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಪೂರ್ತಿ ಗೊತ್ತಿತ್ತು.

ಇದು ಕಳೆದ ಭಾನುವಾರದ ಮಾತು. ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ. ಅವಸರ ಮಾಡಬೇಡಿ. ಅವಸರದ ಫಲವನ್ನು ಈಗಷ್ಟೇ ನೋಡಿ ಬಂದಿದ್ದೇನೆ.

ಹೊನ್ನಾಳಿಯ ಆಚೆ, ನಾಲೆ ನೀರು ಕುಡಿಯುವ ಊರೊಂದರಲ್ಲಿ ಕೊಯ್ಲು ಮುಗಿದ ಮೇಲೆ ಟಿಲ್ಲರ್ ರೇಸು ನಡೆಯುತ್ತದೆ. ನಾಲ್ಕು ಗದ್ದೆಗಳ ನಡುವಿನ ಬದು ಕಡಿದು, ಕೂಳೆ ಸವರಿ, ಮಣ್ಣಿನ ದುಂಡು ಟ್ರ್ಯಾಕ್ ಮಾಡುತ್ತಾರೆ. ಖಾಲಿ ಟ್ರೇಲರ್ ಕಟ್ಟಿಕೊಂಡು ಐದು ಸುತ್ತು ಹೊಡೆಯಬೇಕು. ಎದ್ದ ಧೂಳಿನಲ್ಲಿ ಯಾರು ಮುಂದೆ, ಯಾರು ಹಿಂದೆ ಎಂಬುದು ಮೈಕಿನವನಿಗೂ ತಿಳಿಯುವುದಿಲ್ಲ. ಅವನು ಎಲ್ಲರ ಹೆಸರನ್ನೂ ಒಂದೊಂದು ಸಲ ಕೂಗಿ ನ್ಯಾಯ ಒದಗಿಸುತ್ತಾನೆ. ಜಗಳೂರು ಕಡೆಯಿಂದ, ಅಂದರೆ ಮಳೆಯನ್ನೇ ನಂಬಿದ ಸೀಮೆಯಿಂದ ನೋಡಲು ಬಂದಿದ್ದ ಸೊಕ್ಕೆ ಊರಿನವರೊಬ್ಬರು, "ನಿಮಗೆ ನೀರು ಜಾಸ್ತಿಯಾಗಿ ತಲೆ ಕೆಟ್ಟೈತೆ ಬಿಡ್ರಿ" ಅಂದರು. ಅಂದು, ಮುಂದಿನ ಸಾಲಿಗೇ ಹೋಗಿ ಕೂತರು.

ಹೋದ ವರ್ಷ ಈ ರೇಸು ಹುಚ್ಚಾಟಕ್ಕೆ ತಿರುಗಿತ್ತು. ಒಬ್ಬರು ಹಾಲು ಕರೆಯುವ ಎಮ್ಮೆ ಮಾರಿ ಹೊಸ ಪಿಸ್ಟನ್ ಹಾಕಿಸಿದರು. ಇನ್ನೊಬ್ಬರು ಇದೊಂದಕ್ಕೇ ಹೊಸ ಟೈರು ತಂದರು. ಗೆದ್ದವರಿಗೆ ಸಿಕ್ಕ ಬಹುಮಾನ ಏನು? ಒಂದು ಸ್ಟೀಲ್ ಕೊಡ. (ಎಮ್ಮೆ ಮಾರಿದವರಿಗೆ ಅದೂ ಸಿಗಲಿಲ್ಲ.)

ಹಾಗಾಗಿ ಈ ವರ್ಷ ಕಮಿಟಿಯವರು ಎರಡು ರೂಲ್ಸ್ ಮಾಡಿದರು. ಮೊದಲನೆಯದು, ರೇಸಿಗಾಗಿ ಹೊಸ ಸಾಮಾನು ಕೊಳ್ಳುವಂತಿಲ್ಲ. ಸುಗ್ಗಿಯಲ್ಲಿ ದುಡಿದ ಬೆಲ್ಟಿನಲ್ಲೇ ಓಡಬೇಕು. ಇದರ ಉಸ್ತುವಾರಿ ನ್ಯಾಮತಿಯ ಮೆಕ್ಯಾನಿಕ್ ಗಫೂರ್ ಸಾಬರದು. ಕೊಯ್ಲು ಶುರುವಾದಾಗಲೇ ಅವರು ಪೇಂಟ್ ಡಬ್ಬಿ ಹಿಡಿದು ಮನೆಮನೆಗೆ ಹೋಗಿ, ಪ್ರತಿ ಬೆಲ್ಟಿಗೂ ಒಂದು ಬಿಳಿ ಬೊಟ್ಟಿಟ್ಟು ಬಂದಿದ್ದರು. ಬೊಟ್ಟಿಲ್ಲದ ಬೆಲ್ಟಿಗೆ ಪ್ರವೇಶವಿಲ್ಲ.

ಎರಡನೆಯದು ಪುಲ್ಲಿಯ ಅಳತೆ. ಎಂಜಿನ್ನಿನ ಪುಲ್ಲಿ, ಅಂದರೆ ಬೆಲ್ಟು ಸುತ್ತುವ ಆ ಗಾಲಿ, ದೊಡ್ಡದಾದಷ್ಟೂ ಟಿಲ್ಲರ್ ಜೋರಾಗಿ ಓಡುತ್ತದೆ. ಲೇತಿನಲ್ಲಿ ದೊಡ್ಡದು ಮಾಡಿಸಿ ತರುವವರಿದ್ದಾರೆ. ತಡೆಯುವುದು ಹೇಗೆ? ಟೇಪಿನಲ್ಲಿ ಅಳೆದರೆ ಟೇಪೇ ಸರಿಯಿಲ್ಲ ಅನ್ನುತ್ತಾರೆ. ದಾರದಲ್ಲಿ ಅಳೆದರೆ ದಾರ ಎಳೆದಿರಿ ಅನ್ನುತ್ತಾರೆ. ಕೊನೆಗೆ ಗಫೂರ್ ಸಾಬರೇ ಉಪಾಯ ಕಂಡುಹಿಡಿದರು. ಕಂಪನಿಯಿಂದ ಬಂದ ಪುಲ್ಲಿ, ಸರ್ಕಾರಿ ಮುದ್ರೆಯ ತಗಡಿನ ಲೀಟರ್ ಅಳತೆಪಾತ್ರೆಯ ಬಾಯೊಳಗೆ ಸರಿಯಾಗಿ ಕೂರುತ್ತದೆ. ಹಾಗಾದರೆ ಬೆಲ್ಟು ಬಿಚ್ಚಿ, ಪುಲ್ಲಿಗೆ ಲೀಟರಿನ ಬಾಯಿ ತೊಡಿಸುವುದು. ಹೋದರೆ ಒಳಗೆ, ಹೋಗದಿದ್ದರೆ ಹೊರಗೆ.

ಎಂಥ ಚಂದದ ರೂಲು! ಹಾಲು, ಎಣ್ಣೆ, ಅಕ್ಕಿಯಲ್ಲಿ ದಿನವೂ ಒಪ್ಪಿಕೊಳ್ಳುವ ಅಳತೆಯ ಜತೆ ಯಾರು ಜಗಳ ಮಾಡುತ್ತಾರೆ?

ಲೀಟರ್ ಹಿಡಿಯಲು ನನ್ನನ್ನು ಕರೆದರು. "ಪೇಪರಿನಾಗೆ ವಾರವಾರ ಎಲ್ಲರ ತಪ್ಪು ಹುಡುಕ್ತೀರಲ್ಲ ಮೇಷ್ಟ್ರೇ, ಒಂದ್ಸಲ ಬಗ್ಗಿ ಹುಡುಕ್ರಿ" ಅಂದರು. ಚನ್ನಗಿರಿಯಿಂದ ಬೆಳಗಿನ ಬಸ್ಸು ಹಿಡಿದು ಹೋದೆ. ಲೀಟರು ನಮ್ಮ ಅಡುಗೆಮನೆಯದೇ. ಕೊಡುವಾಗ ಹೆಂಡತಿ ಹೇಳಿದ ಮಾತು ಒಂದೇ: "ರುದ್ರನ್ನ ಹೊರಗೆ ಕೂರಿಸ್ಬ್ಯಾಡ್ರಿ. ಹೋದ ವರ್ಷ ಕಡೇಲಿ ಬಂದ ಅಂತ ಊರಾಗೆ ಇನ್ನೂ ಅವನ್ನ ಲಗೇಜ್ ಗಾಡಿ ಅಂತಾರೆ."

ಸಾಲಿನಲ್ಲಿ ರುದ್ರೇಶನದು ಏಳನೆಯ ಟಿಲ್ಲರ್. ಆರು ಪುಲ್ಲಿಗಳು ಲೀಟರಿನೊಳಗೆ ಸಲೀಸಾಗಿ ಹೋಗಿದ್ದವು. ಏಳನೆಯದು ಹೋಗಲಿಲ್ಲ.

ಎಷ್ಟು ದೊಡ್ಡದಿತ್ತು? ಒಂದು ಉಗುರಿನ ದಪ್ಪ ಇರಬಹುದು. ನಾನು ತಲೆಯೆತ್ತಿ ಅವನನ್ನು ನೋಡಿದೆ.

"ಸ್ವಲ್ಪ ಒತ್ರಿ ಮಾಮಾ, ಹೋಗ್ತೈತೆ" ಅಂದ ಮೆಲ್ಲಗೆ.

"ಲೇತಿಗೆ ಕೊಟ್ಟಿದ್ಯಾ?"

"ಇಲ್ಲ ಮಾಮಾ, ಧೂಳು ಕೂತೈತೆ ಅಷ್ಟೇ."

ಧೂಳಲ್ಲ ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಹಿಂದೆ ಕಾದಿದ್ದವರು ಹಾರ್ನ್ ಇಲ್ಲದ್ದಕ್ಕೆ ಬಾಯಲ್ಲೇ ಹಾರ್ನ್ ಹೊಡೆಯುತ್ತಿದ್ದರು. ನಾನು ಲೀಟರಿನ ತಳಕ್ಕೆ ಅಂಗೈಯಿಂದ ಒಂದು ಏಟು ಕೊಟ್ಟೆ. "ಟಿಕ್" ಅಂತು. ಒಳಗೆ ಹೋಯಿತು.

ಆ ಸದ್ದು ಪುಲ್ಲಿಯದಲ್ಲ. ಲೀಟರಿನ ಬೆಸುಗೆ ಬಿಟ್ಟ ಸದ್ದು. ಕೂದಲಿನಷ್ಟು ಸೀಳು. ನೋಡಿದೆ. ನೋಡಿಯೂ "ಪಾಸ್" ಅಂದೆ. ಅವನ ಹಿಂದಿನ ನಾಲ್ಕು ಟಿಲ್ಲರ್‌ಗಳನ್ನೂ ಅದೇ ಸೀಳಿದ ಲೀಟರಿನಲ್ಲಿ ಅಳೆದು ಪಾಸ್ ಮಾಡಿದೆ. ಅವುಗಳ ಪುಲ್ಲಿ ಸರಿಯಿತ್ತೋ ಇಲ್ಲವೋ, ಇವತ್ತಿಗೂ ನಾನು ಹೇಳಲಾರೆ.

ರೇಸು ಶುರುವಾಯಿತು. ಎರಡನೆಯ ಸುತ್ತಿಗೆ ರುದ್ರೇಶ ಎಲ್ಲರಿಗಿಂತ ಮುಂದಿದ್ದ. ಮೈಕಿನವನಿಗೂ ಕಂಡಿತು. "ಬಸವಾಪಟ್ಟಣದ ಲಗೇಜ್ ಗಾಡಿ ಇವತ್ತು ಎಕ್ಸ್‌ಪ್ರೆಸ್ ಆಗೈತಿ" ಎಂದು ಕೂಗಿದ. ಒಪ್ಪಿಕೊಳ್ಳುತ್ತೇನೆ, ನಾನೂ ಚಪ್ಪಾಳೆ ಹೊಡೆದೆ.

ಮೂರನೆಯ ಸುತ್ತು. ನಾಲೆ ಕಡೆಯ ತಿರುವು. ಅಲ್ಲಿ ಬದುವಿನ ಮೇಲೆ ಹೆಂಗಸರು, ಮಕ್ಕಳು ಸಾಲಾಗಿ ಕೂತಿದ್ದರು. ಉಳಿದವರೆಲ್ಲ ತಿರುಗಿದ ಜಾಗದಲ್ಲಿ ಅವನ ಟಿಲ್ಲರ್ ತಿರುಗಲಿಲ್ಲ. ಅಷ್ಟು ವೇಗಕ್ಕೆ ಅದು ಹುಟ್ಟಿದ್ದೇ ಅಲ್ಲ. ಕ್ಲಚ್ ಎಳೆಯಬೇಕಿತ್ತು. ಎಳೆಯಲು ಹ್ಯಾಂಡಲ್‌ನಿಂದ ಒಂದು ಕೈ ತೆಗೆಯಬೇಕು. ಅವನ ಎರಡೂ ಕೈ ಹ್ಯಾಂಡಲ್‌ಗೆ ಅಂಟಿಕೊಂಡಿದ್ದವು. ಟ್ರೇಲರ್ ಎಡಕ್ಕೆ ಎದ್ದು ಮತ್ತೆ ಕೂತಿತು. ಹೆಂಗಸರು ಎದ್ದರು, ಮಕ್ಕಳನ್ನು ಎಳೆದುಕೊಂಡು ಓಡಿದರು. ಅಜ್ಜಿ ಏಳಲಿಲ್ಲ. ಏಳಲು ಆಗುತ್ತಿರಲಿಲ್ಲ, ಮಂಡಿನೋವು.

ಆಗ "ಫಟ್" ಅಂತು. ಬೆಲ್ಟು ಹರಿಯಿತು. ಎಂಜಿನ್ ಮೊದಲಿಗಿಂತ ಜೋರಾಗಿ ಕಿರುಚಿತು, ಆದರೆ ಗಾಲಿಗಳಿಗೆ ಆ ಶಕ್ತಿ ತಲುಪಲಿಲ್ಲ. ಟಿಲ್ಲರ್ ಕೂಳೆಯಲ್ಲಿ ತೆವಳಿ, ಮೂತಿ ತಗ್ಗಿಸಿ ನಿಂತಿತು.

ಮೂರು ಮೊಳ, ನಾಲ್ಕು ಬೆರಳು.

ರೇಸು ಅಲ್ಲಿಗೇ ನಿಂತಿತು. ಯಾರಿಗೂ ಒಂದು ತರಚು ಗಾಯವೂ ಆಗಿರಲಿಲ್ಲ. ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಬದುಕಿದೆ ಎಂದು ಬಸ್ ಹತ್ತುತ್ತಿದ್ದೆ. ಮುಗಿಯಲಿಲ್ಲ.

ಕಮಿಟಿಯವರು ಬಂದರು. ಪುಲ್ಲಿ ದೊಡ್ಡದಿರಬಹುದು ಎಂಬ ಅನುಮಾನದಿಂದ ನನ್ನ ಕೈಯಿಂದ ಲೀಟರ್ ಇಸಿದುಕೊಂಡು ತಾವೇ ತೊಡಿಸಿ ನೋಡಿದರು. ಹೋಯಿತು! ಹೋಗದೆ ಏನು? ಬೆಳಿಗ್ಗೆಯೇ ಅದರ ಬಾಯಿ ಅಗಲ ಮಾಡಿಟ್ಟಿದ್ದೆನಲ್ಲ.

"ಪುಲ್ಲಿ ಸರಿ ಐತೆ. ಹಂಗಾರೆ ಹಳೇ ಬೆಲ್ಟಿಂದೇ ತಪ್ಪು. ಹೊಸದು ಹಾಕಾಕೆ ಬಿಟ್ಟಿದ್ರೆ ಹಿಂಗೆ ಹರೀತಿತ್ತಾ?" ಅಂದರು ಒಬ್ಬರು. "ಮುಂದಿನ ವರ್ಷದಿಂದ ಬೊಟ್ಟು ಗಿಟ್ಟು ಬ್ಯಾಡ, ಯಾರಿಗೆ ಬೇಕೋ ಅವರು ಹೊಸದು ತರ್ಲಿ" ಅಂದರು ಇನ್ನೊಬ್ಬರು.

ಗಫೂರ್ ಸಾಬರು ಹರಿದ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಬಿಳಿ ಬೊಟ್ಟು ಹಾಗೇ ಇತ್ತು. "ಇದು ಇನ್ನೊಂದು ಸುಗ್ಗಿ ಬರಬೇಕಿತ್ತು. ಹೆಂಗೆ ಹರೀತೋ" ಅಂದರು. ಆಮೇಲೆ, "ಹಳೇದ್ರಾಗೇ ಓಡಿಸ್ರಿ ಅಂದೋನು ನಾನು. ತಪ್ಪು ನಂದೇ ಅಂತ ಬರ್ಕೊಳ್ರಿ" ಅಂದರು. ಅರವತ್ತು ದಾಟಿದ ಮನುಷ್ಯ. ಕೈಯಲ್ಲಿ ಬೆಲ್ಟು, ಕಣ್ಣು ನೆಲದ ಮೇಲೆ.

ಸುಮ್ಮನಿದ್ದರೆ ಸಾಕಿತ್ತು. ರುದ್ರೇಶ ನನ್ನ ಮುಖವನ್ನೇ ನೋಡುತ್ತಿದ್ದ. ನನಗೆ ಮೂರು ಮೊಳ ನೆನಪಾಯಿತು. ಹೊಸ ಬೆಲ್ಟು ಹರಿಯುತ್ತಿರಲಿಲ್ಲ, ನಿಜ. ಹರಿಯದಿದ್ದರೆ ಟಿಲ್ಲರ್ ಎಲ್ಲಿ ನಿಲ್ಲುತ್ತಿತ್ತು?

"ಸಾಬ್ರೇ, ಲೀಟರಿಗೆ ನೀರು ತುಂಬಿಸಿ ನೋಡ್ರಿ" ಅಂದೆ.

ನಾಲೆಯಿಂದ ನೀರು ತಂದು ತುಂಬಿಸಿದರು. ಬೆಸುಗೆಯುದ್ದಕ್ಕೂ ನೀರು ಸೋರಿ ಅವರ ಮೊಣಕೈವರೆಗೆ ಇಳಿಯಿತು. ಬೆಳಿಗ್ಗೆ ಏನು ಮಾಡಿದೆ, ಹೇಗೆ ಒತ್ತಿದೆ, ಯಾವ ಸದ್ದು ಬಂತು, ಎಲ್ಲವನ್ನೂ ಹೇಳಿದೆ. ದೊಡ್ಡ ಪುಲ್ಲಿಯ ಮೇಲೆ ಬಿಗಿದದ್ದಕ್ಕೇ ಬೆಲ್ಟು ಹರಿದದ್ದು. ಸಾಬರ ಬೊಟ್ಟು ಅಜ್ಜಿಯನ್ನು ಉಳಿಸಿತು, ನನ್ನ ಲೀಟರು ಅವಳನ್ನು ಕೊಲ್ಲಲು ಹೊರಟಿತ್ತು.

ಆಮೇಲೆ ಅಜ್ಜಿ ಬದುವಿನಿಂದಲೇ, "ಒಪ್ಕೊಂಡ್ನಲ್ಲ ಬಿಡ್ರಿ. ಮೇಷ್ಟ್ರಿಗೆ ನಾಕು ಶೇಂಗಾ ಕೊಡ್ರಿ, ಮುಖ ಬಿಳಚಿಕೊಂಡೈತೆ" ಅಂದಳು. ಜನ ನಕ್ಕರು. ನನಗೆ ಉಸಿರು ಬಂದದ್ದು ಆಗ. ಎದೆಯ ಮೇಲಿಂದ ಯಾರೋ ಟ್ರೇಲರ್ ಇಳಿಸಿದಂತಾಯಿತು. ಶೇಂಗಾ ತಿಂದೆ. ಇಷ್ಟು ರುಚಿಯ ಶೇಂಗಾ ನಾನು ತಿಂದಿಲ್ಲ.

ಬೆಲ್ಟಿನ ರೂಲು ಉಳಿಯಿತು. ರುದ್ರೇಶನಿಗೆ ಎರಡು ವರ್ಷ ರೇಸಿಲ್ಲ. ಅವತ್ತು ಸಂಜೆ ನಮ್ಮ ಮನೆಗೇ ಬಂದ. ತಲೆ ತಗ್ಗಿಸಿಕೊಂಡೇ ಒಂದು ಮುದ್ದೆ ಮುಗಿಸಿದ. ಅವನ ಅಕ್ಕ ಇನ್ನೊಂದು ಮುದ್ದೆ ಇಟ್ಟು, ಸೋರುವ ಲೀಟರನ್ನು ಬೆಳಕಿಗೆ ಹಿಡಿದು ನೋಡಿದಳು. ನನಗೆ ಹೇಳಿದ್ದು ಇಷ್ಟೇ: "ನಾ ಹಂಗಂದೆ ಅಂತ ನೀವು ಕೇಳೋದಾ? ಹೊರಗೆ ಕೂರಿಸ್ಬೇಕಿತ್ತು."

ಇದಕ್ಕೆ ಉತ್ತರ ಇದ್ದರೆ ಮದುವೆಯಾದ ಓದುಗರು ಬರೆದು ತಿಳಿಸಿ.

ಗಫೂರ್ ಸಾಬರು ಮುಂದಿನ ವರ್ಷಕ್ಕೆ ಲೀಟರಿನ ಬದಲು ದಪ್ಪ ಕಬ್ಬಿಣದ ಬಳೆ ಮಾಡಿಸುತ್ತಾರಂತೆ. ಒತ್ತಿದರೆ ಸೀಳುವುದಿಲ್ಲ. ಅದನ್ನು ಹಿಡಿಯುವವರು ಯಾರು ಎಂದು ಕೇಳಿದೆ. "ನೀವೇ ಮೇಷ್ಟ್ರೇ. ಒಂದ್ಸಲ ಇಷ್ಟು ನಡುಗಿದ ಕೈ ಇನ್ನೊಂದ್ಸಲ ಒತ್ತಲ್ಲ" ಅಂದರು.

ಒಳ್ಳೆಯ ಮನುಷ್ಯ, ನಂಬಿಬಿಟ್ಟಿದ್ದಾರೆ. ನನ್ನ ಹೆಂಡತಿಗೆ ಇನ್ನೂ ಇಬ್ಬರು ತಮ್ಮಂದಿರಿದ್ದಾರೆ ಎಂದು ಅವರಿಗೆ ಯಾರು ಹೇಳುವುದು?