ಗಾಳಿಗಂಡಿ ಮುಚ್ಚಬೇಡಿ ಎನ್ನುವ ಗೆರಾರ್ಡ್

ಬೆಳಗಿನ ಏಳೂವರೆ, ಈಗಷ್ಟೇ ಬೆಳಕು ಹರಿಯುತ್ತಿದೆ. ನಮ್ಮ ಗಣಿಯೂರು ಬಿಟೊಮ್‌ನ ಐದಂತಸ್ತಿನ ಹಳೇ ಕಟ್ಟಡವೊಂದರ ನೆತ್ತಿಯಲ್ಲಿ ನಿಂತು ಗೆರಾರ್ಡ್ ಸ್ಕೊರುಪಾ ಚಿಮಣಿಯೊಳಗೆ ಕಬ್ಬಿಣದ ಗುಂಡು ಕಟ್ಟಿದ ಬ್ರಷ್ ಇಳಿಬಿಡುತ್ತಿದ್ದಾರೆ. ಸೊನ್ನೆಗಿಂತ ಹದಿನಾಲ್ಕು ಡಿಗ್ರಿ ಕೆಳಗಿನ ಚಳಿ. ಕೆಳಗೆ ಟ್ರಾಮ್‌ಗೆ ಕಾಯುತ್ತಿರುವ ಇಬ್ಬರು ಹೆಂಗಸರು ಕತ್ತೆತ್ತಿ ನೋಡಿ ಸರಕ್ಕನೆ ತಮ್ಮ ಕೋಟಿನ ಗುಂಡಿ ಹಿಡಿದುಕೊಳ್ಳುತ್ತಾರೆ. ಚಿಮಣಿ ಗುಡಿಸುವವನು ಕಣ್ಣಿಗೆ ಬಿದ್ದರೆ ಗುಂಡಿ ಮುಟ್ಟಬೇಕು, ಅದೃಷ್ಟ ಬರುತ್ತದೆ ಎಂದು ನಮ್ಮೂರಿನ ನಂಬಿಕೆ.

"ಇಲ್ಲಿ ಗುಂಡಿ ಹಿಡ್ಕೋತಾರೆ, ಮನೆಗೆ ಹೋಗಿ ಗಾಳಿಗಂಡಿ ಮುಚ್ತಾರೆ" ಎಂದು ಗೆರಾರ್ಡ್ ಗೊಣಗುತ್ತಾರೆ. "ಅದೃಷ್ಟ ಒಳಗೆ ಬರೋದಾದ್ರೂ ಹೇಗೆ?"

ಅವರಿಗೆ ಈಗ ಐವತ್ತೊಂಬತ್ತು. ಕಸುಬಿಗೆ ಮೂವತ್ತೆಂಟು ವರ್ಷ. ದಿನಕ್ಕೆ ಮೂವತ್ತು ಮನೆ, ಸುಮಾರು ಎಂಟುನೂರು ಮೆಟ್ಟಿಲು. ಮಂಡಿ ಎರಡೂ ಕೈಕೊಟ್ಟಿವೆ. ಚಿಮಣಿ ಗುಡಿಸುವುದಲ್ಲದೆ ಮನೆಮನೆಯ ಗಾಳಿಗಂಡಿ ಪರೀಕ್ಷಿಸುವುದೂ ಅವರದೇ ಕೆಲಸ. ಬಚ್ಚಲಿನ ಗೋಡೆಯಲ್ಲಿ, ಸೂರಿನ ಹತ್ತಿರ ಇರುವ ಗಾಳಿಗಂಡಿಗೆ ತೆಳು ಕಾಗದದ ಚೂರು ಹಿಡಿಯುತ್ತಾರೆ. ಕಾಗದ ಕಂಡಿಗೆ ಅಂಟಿ ನಿಂತರೆ ಮನೆ ಉಸಿರಾಡುತ್ತಿದೆ ಎಂದರ್ಥ. ಕೆಳಗೆ ಬಿದ್ದರೆ, ಬಚ್ಚಲಿನ ಗ್ಯಾಸ್ ಗೀಸರಿನ ವಿಷಗಾಳಿ ಹೊರಹೋಗದೆ ಮನೆಯವರ ಮೇಲೇ ತಿರುಗುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆನೋವು, ಆಮೇಲೆ ನಿದ್ದೆ, ಅಷ್ಟೇ.

ಮೊದಲೆಲ್ಲ ಕಿಟಕಿಯ ಮರದ ಸಂದಿಗಳಲ್ಲೇ ಬೇಕಾದಷ್ಟು ಗಾಳಿ ನುಗ್ಗುತ್ತಿತ್ತು. ಈಗ ಕಟ್ಟಡಗಳಿಗೆಲ್ಲ ಥರ್ಮಾಕೋಲಿನ ಹೊದಿಕೆ, ಬಿಗಿಯಾದ ಪ್ಲಾಸ್ಟಿಕ್ ಕಿಟಕಿ. ಉಳಿದ ಒಂದು ಕಂಡಿಗೂ ಜನ ಬಟ್ಟೆ ತುರುಕುತ್ತಾರೆ. ಪರೀಕ್ಷೆಯ ದಿನ ತಿಳಿಸುವ ಚೀಟಿಯನ್ನು ಕಟ್ಟಡದ ಬಾಗಿಲಿಗೆ ಮುಂಚೆಯೇ ಅಂಟಿಸುವುದರಿಂದ ಅವತ್ತು ಬಟ್ಟೆ ಮಾಯ, ಚಿಮಣಿ ಮೇಸ್ತ್ರಿ ಹೋದ ಮೇಲೆ ಮತ್ತೆ ಹಾಜರು. ನಾನೇನು ಸಾಚಾ ಅಲ್ಲ, ನಮ್ಮ ಮನೆಯಲ್ಲೂ ಒಂದು ಚಳಿಗಾಲ ಹಳೇ ಕಾಲುಚೀಲ ತುರುಕಿದ್ದೆವು. ನಾವು ಚಾಪೆ ಕೆಳಗೆ ತೂರಿದರೆ ಗೆರಾರ್ಡ್ ರಂಗೋಲಿ ಕೆಳಗೆ ತೂರುತ್ತಾರೆ. ಪರೀಕ್ಷೆಯ ಮಾರನೇ ದಿನ ಹೇಳದೆ ಕೇಳದೆ ಇನ್ನೊಮ್ಮೆ ಬಾಗಿಲು ತಟ್ಟುತ್ತಾರೆ. ಇದು ಅವರ ಕೆಲಸದ ಪಟ್ಟಿಯಲ್ಲಿಲ್ಲ, ಯಾರೂ ಹೇಳಿದ್ದೂ ಅಲ್ಲ.

ಯಾಕೆ ಎಂದು ಕೇಳಿದರೆ ಮೆಟ್ಟಿಲ ಮೇಲೆ ಕೂತುಬಿಡುತ್ತಾರೆ. "ನನ್ನ ತಂಗಿ ಎಲ್ಫ್ರಿಡಾ. ಹನ್ನೆರಡು ವರ್ಷದ ಹಿಂದೆ, ಫೆಬ್ರವರಿ. ಭಾನುವಾರ ಅವಳ ಮನೇಲಿ ಊಟ. ಕೋಳಿ ಸಾರು, ಶಾವಿಗೆ. ಕಿಟಕಿ ಗಾಜಿನ ಮೇಲೆ ನೀರು ಧಾರೆಯಾಗಿ ಇಳೀತಿತ್ತು. ಗಾಳಿ ಹೊರಗೆ ಹೋಗ್ತಿಲ್ಲ ಅಂತ ಎಳೇ ಹುಡುಗ್ರಿಗೂ ಗೊತ್ತಾಗುತ್ತೆ. ನಾನು ಏನಂದೆ ಗೊತ್ತಾ? 'ಏನ್ ಬೆಚ್ಚಗಿದೆಯೇ ನಿನ್ನ ಮನೆ!' ಅಂದೆ. ಹೊಗಳಿದೆ ಸ್ವಾಮಿ, ಇದೇ ಬಾಯಲ್ಲಿ. ಬುಧವಾರ ಬಚ್ಚಲ ಬಾಗಿಲು ಒಡೆದು ಅವಳನ್ನ ತೆಗೆದ್ರು. ಕಂಡಿಗೆ ಟೇಪ್ ಅಂಟಿಸಿದ್ಲು."

ದೀಪದ ಬುಡದಲ್ಲೇ ಕತ್ತಲು ಎಂದು ಊರವರು ಆಡಿಕೊಂಡರು. ಗೆರಾರ್ಡ್ ಆ ಮಾತಿಗೆ ಇವತ್ತಿಗೂ ಎದುರಾಡುವುದಿಲ್ಲ. ನನಗಂತೂ ಆಡಿಕೊಂಡವರ ಮೇಲೆ ಸಿಟ್ಟಿದೆ.

ಇವತ್ತು ಮೂರನೇ ಮಹಡಿಯ ದೊಮಿನಿಕಾಳ ಮನೆ. ಗಂಡ ಗಣಿಯಲ್ಲಿ ಪಾಳಿಗೆ ಹೋಗಿದ್ದಾನೆ, ಮಗಳಿಗೆ ಐದು ತಿಂಗಳು. ನಿನ್ನೆ ಪರೀಕ್ಷೆಯ ಹೊತ್ತಿಗೆ ಕಿಟಕಿ ತೆರೆದಿತ್ತು, ಕಂಡಿ ಚೊಕ್ಕವಾಗಿತ್ತು, ಕಾಗದವೂ ಅಂಟಿ ನಿಂತಿತ್ತು. ಇವತ್ತು ಅದರೊಳಗಿನಿಂದ ಗೆರಾರ್ಡ್ ಮಗುವಿನದೇ ಒಂದು ಟವೆಲ್ ಎಳೆದು ತೆಗೆಯುತ್ತಾರೆ.

"ನಿನ್ನೆ ತಾನೇ ಬಂದಿದ್ರಲ್ಲ ಮೇಸ್ತ್ರೀ! ಮತ್ತ್ಯಾಕೆ ಬಂದ್ರಿ?"

"ಇದಕ್ಕೇ ಕಣಮ್ಮಾ."

"ಆ ತೂತಿಂದ ತಣ್ಣನೆ ಗಾಳಿ ಮಗು ತಲೆ ಮೇಲೇ ಸುರಿಯುತ್ತೆ. ನಿಮ್ಮ ಮಾತು ಕೇಳಿ ಅದು ನೆಗಡಿ ಬಂದು ಸಾಯ್ಲಾ?"

ಅವಳ ಮಾತು ಸುಳ್ಳಲ್ಲ. ಗಾಳಿ ಒಳಬರಲು ಬೇರೆ ದಾರಿಯೇ ಇಲ್ಲದ ಮನೆಯಲ್ಲಿ, ಹೊರಹೋಗಬೇಕಾದ ಕಂಡಿಯಿಂದಲೇ ಚಳಿ ಇಳಿಯುತ್ತದೆ. ಗೆರಾರ್ಡ್ ಕೋಣೆಯ ಕಿಟಕಿಯನ್ನು ಎರಡು ಬೆರಳಷ್ಟು ತೆರೆದು, ಬಚ್ಚಲ ಬಾಗಿಲು ಸರಿಸಿ ಕಾಗದ ಹಿಡಿಯುತ್ತಾರೆ. ಅದು ಕಂಡಿಗೆ ಅಂಟುತ್ತದೆ. ಕಿಟಕಿ ಮುಚ್ಚುತ್ತಾರೆ, ಬೀಳುತ್ತದೆ. ಕಿಟಕಿಯ ನೆತ್ತಿಯಲ್ಲಿ ಒಂದು ಸೀಳು, ಬಚ್ಚಲ ಬಾಗಿಲಿನ ಬುಡದಲ್ಲಿ ಒಂದು ಸಾಲು ತೂತು ಬೇಕು ಎಂದು ತೋರಿಸುತ್ತಾರೆ.

"ಎರಡು ಡಿಗ್ರಿ ಕಮ್ಮಿಯಾಗುತ್ತೆ, ಅಷ್ಟೇ. ಮಗೂಗೆ ಇನ್ನೊಂದು ಅಂಗಿ ಹಾಕು. ನಾಳೆ ನಾನೇ ಬಂದು ಮಾಡಿಕೊಡ್ತೀನಿ."

"ಇವತ್ತು ಸ್ನಾನ?"

ಗೆರಾರ್ಡ್ ಗೀಸರಿನ ಗ್ಯಾಸ್ ಕೊಳವೆಯ ತಿರುಪು ತಿರುಗಿಸಿ ಮುಚ್ಚಿ, ಅದಕ್ಕೆ ತಂತಿ ಬಿಗಿದು ಸೀಸದ ಮುದ್ರೆ ಒತ್ತುತ್ತಾರೆ. ಒಡೆದರೆ ಶಿಕ್ಷೆಯಿದೆ. ದೊಮಿನಿಕಾಳ ಕಣ್ಣಲ್ಲಿ ನೀರು. "ನಿಮಗೆ ಹೆಂಡ್ತಿ ಮಕ್ಕಳಿಲ್ವಾ? ಕಲ್ಲು ಕಣ್ರೀ ನೀವು! ಮಸಿ ಮುಖದವರು!" ಎಂದು ಕೂಗಿ ಬಾಗಿಲು ದಢಾರನೆ ಹಾಕಿಕೊಳ್ಳುತ್ತಾಳೆ.

ಒಳಗೆ ವಿದ್ಯುತ್ ಕೆಟಲಿನಲ್ಲಿ ನೀರು ಕುದಿಯುವ ಸದ್ದು. ಅದನ್ನು ಟಬ್ಬಿಗೆ ಸುರಿಯುತ್ತಲೇ ಅವಳು ಬೈಯುತ್ತಿದ್ದಾಳೆ, ಮಗು ಕಿರುಚುತ್ತಿದೆ. ಗೆರಾರ್ಡ್ ಮೆಟ್ಟಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತಾರೆ. ಹೋಗೋಣವೇ ಎಂದು ನಾನು ಕೇಳಿದರೆ ಸ್ವಲ್ಪ ತಾಳಿ ಎನ್ನುವಂತೆ ಕೈ ಎತ್ತುತ್ತಾರೆ.

"ಕೇಳಿ, ಗಂಟಲು ಎಷ್ಟು ಗಟ್ಟಿಯಾಗಿದೆ ಇಬ್ಬರದೂ. ನಾಳೆ ನಾನು ಬಂದಾಗ್ಲೂ ಬಾಗಿಲು ತೆಗೆದು ಹೀಗೇ ಬೈಬೇಕು ಇವಳು. ನಂಗೆ ಇನ್ನೇನೂ ಬೇಡ."