ಎಂಬತ್ತಾರು ಸೆಕೆಂಡು

ನಮ್ಮ ಸುರಂಗದ ನೀರನ್ನು ದಿನವೂ ಅಳೆಯುವ ಕೆಲಸವನ್ನು ತಂಗಿ ನನಗೆ ಒಪ್ಪಿಸಿದ್ದಳು. ನಾನು ಅಳೆಯಲಿಲ್ಲ. ಇಷ್ಟನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು.

ಬಾಯಾರಿನಿಂದ ಆಚೆ, ಗುಡ್ಡದ ಬದಿಯಲ್ಲಿ ನಮ್ಮ ಮನೆ. ಅಲ್ಲಿ ಬಾವಿ ತೋಡಿದರೆ ಕಲ್ಲು ಸಿಗುತ್ತದೆ, ನೀರು ಸಿಗುವುದಿಲ್ಲ. ಹಾಗಾಗಿ ಗುಡ್ಡದ ಹೊಟ್ಟೆಗೆ ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಸುರಂಗ ಕೊರೆಯುತ್ತಾರೆ. ಒಳಗೆ ಒಸರುವ ನೀರು ಪೈಪಿನಲ್ಲಿ ಹೊರಗೆ ಬರುತ್ತದೆ. ನಮ್ಮದನ್ನು ಕೊರೆದದ್ದು ಅಪ್ಪ. ನಾಲ್ಕು ಮನೆಗೆ ಅದೇ ನೀರು, ಸರದಿಯ ಮೇಲೆ. ಅಪ್ಪ ಹೋದ ಮೇಲೆ ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕೆಂಪುಕಲ್ಲಿನ ಕೋರೆಗೆ ಹೋದೆ. ತಂಗಿ ಓದಿದಳು. ಮಂಗಳೂರಿನ ಹಾಸ್ಟೆಲಿನಲ್ಲಿದ್ದು ಗಣಿತದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದಳು.

ಕೊನೆಯ ವರ್ಷ ಅವಳು ಒಂದು ಪ್ರಾಜೆಕ್ಟ್ ಬರೆಯಬೇಕಿತ್ತು. ದೀಪಾವಳಿ ರಜೆಗೆ ಬಂದವಳು ಸುರಂಗದ ಬಾಯಿಯಲ್ಲಿ ಕೂತು ನನಗೆ ತಿಳಿಸಿ ಹೇಳಿದಳು. ಜ್ವರ ಎಷ್ಟು ಮನೆಗೆ ಹಬ್ಬೀತು, ಕಾರ್ಖಾನೆಯಲ್ಲಿ ಯಂತ್ರ ಎಷ್ಟು ದಿನ ಬಾಳೀತು, ಎಲ್ಲವನ್ನೂ ಮೊದಲೇ ಲೆಕ್ಕ ಹಾಕಿ ನೋಡಲಿಕ್ಕೆ ಆಗುತ್ತದಂತೆ. ನೀರಿಗೂ ಆಗುತ್ತದಂತೆ.

"ಕಾಗದದ ಮೇಲೆ ಒಂದು ಸುರಂಗ ಮಾಡ್ತೇನೆ ಅಣ್ಣ. ಅದು ನಮ್ಮ ಸುರಂಗದ ಹಾಗೆಯೇ ನೀರು ಕೊಡ್ಬೇಕು. ಆಗ ಮೇ ತಿಂಗಳಲ್ಲಿ ಎಷ್ಟು ನೀರು ಉಂಟು ಅಂತ ಜನವರಿಯಲ್ಲೇ ಹೇಳಬಹುದು."

ನನ್ನ ಕೆಲಸ ಸುಲಭದ್ದು. ಬೆಳಿಗ್ಗೆ ಆರಕ್ಕೆ ಪೈಪಿನ ಕೆಳಗೆ ಹತ್ತು ಲೀಟರಿನ ಬಕೆಟ್ ಇಟ್ಟು, ತುಂಬಲು ಎಷ್ಟು ಸೆಕೆಂಡು ಬೇಕೆಂದು ಮೊಬೈಲಿನಲ್ಲಿ ನೋಡಿ ಪುಸ್ತಕದಲ್ಲಿ ಬರೆಯುವುದು. ಭಾನುವಾರ ಅವಳು ಫೋನು ಮಾಡಿದಾಗ ವಾರದ ಏಳು ಅಂಕೆ ಓದಿ ಹೇಳುವುದು.

ಒಂಬತ್ತು ದಿನ ಅಳೆದೆ. ಎರಡು ದಿನಕ್ಕೆ ಒಂದು ಸೆಕೆಂಡಿನ ಹಾಗೆ ಹೆಚ್ಚಾಗುತ್ತಿತ್ತು. ಹತ್ತನೆಯ ದಿನ ಕೋರೆಯ ಲಾರಿ ಐದೂವರೆಗೇ ಬಂತು. ಆಮೇಲೆ ದಿನವೂ ಹಾಗೆಯೇ. ಅಮ್ಮನಿಗೆ ಹೇಳಿಕೊಡಬಹುದಿತ್ತು, ಸಂಜೆ ಬಂದು ಅಳೆಯಬಹುದಿತ್ತು. ಸಂಜೆ ನನಗೆ ಮೈ ಕೈ ನೋವು. ಹೇಗೂ ಎರಡು ದಿನಕ್ಕೆ ಒಂದು ಸೆಕೆಂಡು ಅಲ್ಲವಾ ಎಂದು ಭಾನುವಾರ ಒಟ್ಟಿಗೆ ಕೂತು ಏಳು ಅಂಕೆ ಬರೆದುಬಿಡುತ್ತಿದ್ದೆ. ಸುಳ್ಳು ಎಂದು ಅನಿಸಬಾರದೆಂದು ಬೇರೆ ಬೇರೆ ಪೆನ್ನು ಹಿಡಿಯುತ್ತಿದ್ದೆ. ಫೋನಿನಲ್ಲಿ ತಂಗಿಗೆ ಸಂತೋಷವೋ ಸಂತೋಷ. ನಮ್ಮ ಸುರಂಗದಷ್ಟು ಶಿಸ್ತು ಅವಳ ಹಾಸ್ಟೆಲಿನ ವಾರ್ಡನ್ನಿಗೂ ಇಲ್ಲ ಎಂದು ನಗುತ್ತಿದ್ದಳು.

ಜನವರಿಯ ಕೊನೆಗೆ ಕೋರೆಗೆ ಒಂದು ದಿನ ರಜೆ ಬಂತು. ಯಾಕೋ ಮನಸ್ಸು ತಡೆಯದೆ ಬಕೆಟ್ ಇಟ್ಟೆ. ನೂರಾಯಿತು, ನೂರಿಪ್ಪತ್ತಾಯಿತು, ಬಕೆಟ್ ತುಂಬಲಿಲ್ಲ. ತುಂಬುವಾಗ ನೂರ ನಲವತ್ತು ದಾಟಿತ್ತು. ಪುಸ್ತಕದಲ್ಲಿ ಹಿಂದಿನ ದಿನಕ್ಕೆ ನಾನು ಬರೆದದ್ದು ಎಂಬತ್ತೈದು. ನಿಜ ಬರೆದರೆ ಹಿಂದಿನದೆಲ್ಲ ಬಯಲಾಗುತ್ತದೆ. ಪೆನ್ನು ತೆಗೆದು ಎಂಬತ್ತಾರು ಎಂದು ಬರೆದೆ.

ನೀರು ಕಡಿಮೆಯಾಗುವ ಅಂದಾಜಿದ್ದ ವರ್ಷ ನಾಲ್ಕೂ ಮನೆಯವರು ಸೇರಿ ಸುರಂಗವನ್ನು ಒಳಗೆ ಇನ್ನಷ್ಟು ಉದ್ದ ಕೊರೆಸುವುದು ನಮ್ಮಲ್ಲಿ ರೂಢಿ. ಕೊರೆಯುವವನಿಗೆ ಫೆಬ್ರವರಿಯಲ್ಲೇ ಹೇಳಿಡಬೇಕು, ತಡವಾದರೆ ಅವನು ಬೇರೆ ಗುಡ್ಡದಲ್ಲಿರುತ್ತಾನೆ. ಆ ವರ್ಷ ಅವನು ಕೇಳಲು ಬಂದಾಗ ಜನವರಿಯವರೆಗಿನ ಅಂಕೆಗಳಿಂದ ತಂಗಿ ಮಾಡಿದ ಲೆಕ್ಕ ಊರಿಗೆ ತಲುಪಿತ್ತು: ಮೇ ಮುಗಿಯುವವರೆಗೆ ತೊಂದರೆಯಿಲ್ಲ. ಅಂಗಳದಲ್ಲಿ ಅದನ್ನು ಓದಿ ಹೇಳಿದ್ದು ನಾನೇ. ನೀರು ಸಣ್ಣ ಆಗಿದೆಯಲ್ಲ ಎಂದು ಕೆಳಗಿನ ಮನೆಯ ದೊಡ್ಡಮ್ಮ ಒಬ್ಬರೇ ಹೇಳಿದರು. ಎಂ.ಎಸ್ಸಿ. ಕಲಿತವಳ ಲೆಕ್ಕ ಎಂದೆ. ಅವನನ್ನು ಕಳುಹಿಸಿಬಿಟ್ಟೆವು.

ಏಪ್ರಿಲ್ ಮೊದಲ ವಾರ ಪೈಪಿನ ನೀರು ಹನಿಯಾಯಿತು, ಆಮೇಲೆ ನಿಂತಿತು. ದೊಡ್ಡಮ್ಮ ಖಾಲಿ ಕೊಡಪಾನ ನಮ್ಮ ಜಗಲಿಯ ಮೇಲೆ ತಂದಿಟ್ಟರು.

"ಎಂತ ಮಾರಾಯ, ನಿನ್ನ ತಂಗಿಯ ಪುಸ್ತಕದಲ್ಲಿ ನೀರು ಉಂಟಲ್ಲ, ಅದನ್ನೇ ಇದಕ್ಕೆ ಬಗ್ಗಿಸು."

ಆ ಎರಡು ತಿಂಗಳು ಅವರು ಎಪ್ಪತ್ತರ ವಯಸ್ಸಿನಲ್ಲಿ ಗುಡ್ಡ ಇಳಿದು ಬತ್ತಿದ ತೋಡಿನ ಗುಂಡಿಯಿಂದ ನೀರು ಹೊತ್ತರು. ನಾನು ಹೊತ್ತುಕೊಡುತ್ತೇನೆಂದರೆ ಬಿಡಲಿಲ್ಲ.

ಮೇ ತಿಂಗಳಲ್ಲಿ ತಂಗಿಯ ಪ್ರಾಜೆಕ್ಟಿನ ಪರೀಕ್ಷೆ. ಅದರ ಹಿಂದಿನ ದಿನ ಮಧ್ಯಾಹ್ನ ಅವಳ ಫೋನು ಬಂತು. ಅಂಕೆಗಳು ಇಷ್ಟು ಸಮ ಇರಲಿಕ್ಕೆ ಸಾಧ್ಯವಿಲ್ಲ, ಅವಳೇ ಕೂತು ಬರೆದಿರಬೇಕು ಎಂದು ಅವಳ ಪ್ರೊಫೆಸರ್ ಹೇಳಿದ್ದರು. ಮುಂದೆ ಸಂಶೋಧನೆಗೆ ಸೇರಿಸಿಕೊಳ್ಳುತ್ತೇನೆ ಎಂದಿದ್ದವರೂ ಅವರೇ.

"ಅಣ್ಣ, ನೀನು ದಿನಾ ಅಳೆದಿದ್ದಿ ಅಲ್ವಾ?"

"ದಿನಾ ಅಳೆದಿದ್ದೇನೆ," ಎಂದೆ.

"ಅಷ್ಟು ಸಾಕು. ನಾನು ಹಾಗೇ ಹೇಳ್ತೇನೆ."

ಹಾಗೇ ಹೇಳಿದಳಂತೆ. ಅಣ್ಣ ಅಳೆದದ್ದು, ಅವನು ಸುಳ್ಳು ಬರೆಯುವವನಲ್ಲ ಎಂದು ಪಟ್ಟು ಹಿಡಿದಳಂತೆ. ಪಾಸು ಮಾಡಿದರು, ಅಷ್ಟೆ. ಪ್ರೊಫೆಸರ್ ಆಮೇಲೆ ಅವಳ ಫೋನು ಎತ್ತಲಿಲ್ಲ. ಒಂದು ಮಾತು ನಾನು ನಿಜ ಹೇಳಿದ್ದರೆ ತಪ್ಪು ನನ್ನದಾಗುತ್ತಿತ್ತು, ಅವಳ ಗಣಿತ ಉಳಿಯುತ್ತಿತ್ತು.

ನಾಲ್ಕೂ ಮನೆಯವರು ಈಗ ಕೊಳವೆಬಾವಿ ಕೊರೆಸಿದ್ದಾರೆ. ಸುರಂಗದ ಬಾಯಿ ಕುಸಿದಿದೆ. ದೊಡ್ಡಮ್ಮ ಇಲ್ಲ. ತಂಗಿಯನ್ನು ಬಂದ್ಯೋಡಿಗೆ ಮದುವೆ ಮಾಡಿ ಕೊಟ್ಟೆವು. ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಪ್ರತಿಯೊಂದನ್ನೂ ಎರಡೆರಡು ಸಲ ಅಳೆಯುತ್ತಾಳೆ.

ಹೋದ ಸಲ ಹೋದಾಗ ಚಹಾ ಕೊಟ್ಟು ಎದುರಿಗೆ ಕೂತಳು. ಟೇಪು ಕುತ್ತಿಗೆಯಲ್ಲೇ ಇತ್ತು.

"ಆ ಲೆಕ್ಕದಲ್ಲಿ ನಾನು ಎಲ್ಲಿಯೋ ತಪ್ಪಿದ್ದೇನೆ ಅಣ್ಣ. ಈಗಲೂ ಒಮ್ಮೊಮ್ಮೆ ಪುಸ್ತಕ ತೆಗೆದು ಹುಡುಕ್ತೇನೆ. ಎಲ್ಲಿ ಅಂತ ಸಿಗುವುದಿಲ್ಲ."

ಚಹಾ ಕುಡಿದು ಮುಗಿಸಿದೆ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಬಸ್ಸು ಬರಲು ಇನ್ನೂ ಮುಕ್ಕಾಲು ಗಂಟೆ ಇತ್ತು.